ಬರೆಹ ನಮ್ಮದು, ಬೀಗದ ಕೈ ಯಾರದು?

ನನ್ನ ಗುರುಗಳು ಮೂವತ್ತು ವರ್ಷಗಳ ರಜೆಗಳನ್ನು ಒಂದೇ ಕೆಲಸಕ್ಕೆ ಮುಡಿಪಾಗಿಟ್ಟಿದ್ದರು. ಚಿತ್ರದುರ್ಗ ತುಮಕೂರು ಸೀಮೆಯ ಬಯಲು ಹಳ್ಳಿಗಳಲ್ಲಿ ತಿರುಗಿ ಬೇಸಾಯದ ಮಾತುಗಳನ್ನು ಕೂಡಿಸುವುದೇ ಆ ಕೆಲಸ. ಕೂರಿಗೆಯ ಒಂದೊಂದು ಅಂಗದ ಹೆಸರು, ಕಣದಲ್ಲಿ ಹಂತಿ ಹೊಡೆಯುವಾಗ ಆಡುವ ಮಾತು, ಮಳೆಯ ಬಗೆಗಳು, ದನಗಳ ಮೈಬಣ್ಣ, ಕಾಳು ತುಂಬುವ ಹಗೇವಿನ ಅಳತೆ, ಇವೆಲ್ಲ ಅಂಗೈಯಗಲದ ಚೀಟಿಗಳಲ್ಲಿ ಸೇರಿದ್ದವು. ಪ್ರತಿಯೊಂದು ಚೀಟಿಯ ಮೂಲೆಯಲ್ಲಿ ಆ ಮಾತನ್ನು ಹೇಳಿದ ರೈತನ ಹೆಸರು, ಊರು. ನಾಲ್ಕು ಸಾವಿರಕ್ಕೆ ಮಿಕ್ಕ ಚೀಟಿಗಳು ಚಪ್ಪಲಿ ಅಂಗಡಿಯ ರಟ್ಟಿನ ಪೆಟ್ಟಿಗೆಗಳಲ್ಲಿ ಅಕಾರಾದಿಯಾಗಿ ಕುಳಿತಿದ್ದುವು.

2002ರಲ್ಲಿ ನಾನು ಎಂ.ಎ. ಮುಗಿಸಿ ಕೆಲಸವಿಲ್ಲದೆ ಇದ್ದಾಗ ಗುರುಗಳು ನನ್ನನ್ನು ಕರೆಸಿ, ಈ ಚೀಟಿಗಳನ್ನೆಲ್ಲ ಗಣಕಯಂತ್ರದಲ್ಲಿ ಅಚ್ಚುಕಟ್ಟಾಗಿ ಇಳಿಸಬೇಕೆಂದರು. ಬಸ್ ನಿಲ್ದಾಣದ ಹಿಂದಿನ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಏಳು ತಿಂಗಳು ಕುಳಿತು ಆ ಕೆಲಸ ಮಾಡಿದೆ. ಖರ್ಚು ಗುರುಗಳ ಪಿಂಚಣಿಯದು. ಆ ಅಂಗಡಿಯವರು ಕನ್ನಡದ ಸಾಫ್ಟ್‌ವೇರ್ ಒಂದನ್ನು ದೊಡ್ಡ ಹಣ ಕೊಟ್ಟು ತಂದಿದ್ದರು. ಯಂತ್ರದ ಬೆನ್ನಿಗೆ ಬೆರಳುದ್ದದ ಒಂದು ಸಾಧನವನ್ನು ಸಿಕ್ಕಿಸಿದರೆ ಮಾತ್ರ ಅದು ಕೆಲಸ ಮಾಡುತ್ತಿತ್ತು. ಅಂಗಡಿಯವರು ಅದನ್ನು ‘ಬೀಗ’ ಎಂದೇ ಕರೆಯುತ್ತಿದ್ದರು. ರಾತ್ರಿ ಮನೆಗೆ ಹೋಗುವಾಗ ಜೇಬಿನಲ್ಲಿ ಹಾಕಿಕೊಂಡು ಹೋಗುತ್ತಿದ್ದರು. ಕೊನೆಗೆ ಎಲ್ಲವನ್ನೂ ಒಂದು ಸಿ.ಡಿ.ಗೆ ಇಳಿಸಿ ಗುರುಗಳ ಕೈಯಲ್ಲಿಟ್ಟಾಗ ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, “ಇನ್ನು ಗೆದ್ದಲಿಗೆ ಹೆದರಬೇಕಾಗಿಲ್ಲವಪ್ಪ” ಎಂದರು.

ಗೆದ್ದಲು ತನ್ನ ಕೆಲಸವನ್ನು ಬಿಡಲಿಲ್ಲ. ಮನೆ ಬದಲಿಸಿದ ಮಳೆಗಾಲದಲ್ಲಿ ಪೆಟ್ಟಿಗೆಗಳು ಮಣ್ಣಾದುವು. ಸಿ.ಡಿ. ಇದೆಯಲ್ಲ ಎಂದು ಯಾರೂ ಅಷ್ಟಾಗಿ ಮರುಗಲಿಲ್ಲ. ಗುರುಗಳು 2011ರಲ್ಲಿ ತೀರಿಕೊಂಡರು. 2022ರಲ್ಲಿ ಅವರ ಸಂಗ್ರಹವನ್ನು ಪ್ರಕಟಿಸಬೇಕೆಂದು ನಾವು ಕೆಲವರು ಶಿಷ್ಯರು ಸೇರಿದಾಗ ನಾನು ಆ ಸಿ.ಡಿ.ಯನ್ನು ತೆರೆದೆ. ಕಡತಗಳು ತೆರೆದುವು, ಕನ್ನಡ ಮಾತ್ರ ಇರಲಿಲ್ಲ. ಪುಟದ ತುಂಬ ಇಂಗ್ಲಿಷಿನ ಚೂರುಪಾರು ಅಕ್ಷರಗಳು, ನಾಣ್ಯದ ಗುರುತುಗಳು, ಪ್ರಶ್ನಾರ್ಥಕಗಳು. ನಾಲ್ಕು ಸಾವಿರ ಮಾತುಗಳು ಕಣ್ಣೆದುರಿಗೇ ಇದ್ದುವು, ಒಂದನ್ನೂ ಓದುವಂತಿರಲಿಲ್ಲ.

ಇದರ ಮರ್ಮ ಇಷ್ಟು. ಯಂತ್ರಕ್ಕೆ ಅಕ್ಷರ ತಿಳಿಯದು, ಅಂಕಿ ಮಾತ್ರ ತಿಳಿಯುವುದು. ಹಿಂದಿನ ಕನ್ನಡ ತಂತ್ರಾಂಶಗಳು ಇಂಗ್ಲಿಷಿಗೆಂದು ಕಟ್ಟಿದ್ದ 256 ಮನೆಗಳಲ್ಲಿ ನಮ್ಮ ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳನ್ನು ತಮಗೆ ತೋಚಿದಂತೆ ಒಕ್ಕಲು ಮಾಡಿದ್ದುವು. ಯಾವ ಮನೆಯಲ್ಲಿ ಯಾರು ಎಂಬ ಪಟ್ಟಿ ಒಂದೊಂದು ಕಂಪೆನಿಗೂ ಬೇರೆ. ಅದು ಆಯಾ ಕಂಪೆನಿಯ ಗುಟ್ಟು. ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆ 1991ರಲ್ಲೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತಾದರೂ ಅದು ನಮ್ಮ ಅಂಗಡಿ ಕಚೇರಿಗಳಿಗೆ ಇಳಿದು ಬರಲು ಬಹುಕಾಲ ಹಿಡಿಯಿತು. ಆ ನಡುವಿನ ಕಾಲದಲ್ಲಿ ಬೆರಳಚ್ಚಾದ ಕನ್ನಡವೆಲ್ಲ ಹೀಗೆ ಬೇರೆ ಬೇರೆ ಹಗೇವುಗಳಲ್ಲಿ ಬಿದ್ದಿದೆ. ಹಗೇವಿನ ಬಾಯಿ ಎಲ್ಲಿದೆಯೆಂದು ಬಲ್ಲ ಹಿರಿಯ ಸತ್ತರೆ ಕಾಳು ಮಣ್ಣಿನಲ್ಲೇ ಉಳಿಯುತ್ತದೆ.

ಆ ಡಿ.ಟಿ.ಪಿ. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ತಂತ್ರಾಂಶವನ್ನು ಮಾಡಿದವರಿಗೆ ಪತ್ರ ಬರೆದೆ. ಆ ಉತ್ಪನ್ನವನ್ನು ನಿಲ್ಲಿಸಿದ್ದೇವೆ. ಪರವಾನಗಿ ಇದ್ದುದು ಅಂಗಡಿಯ ಆ ಒಂದು ಯಂತ್ರಕ್ಕೆ, ಅದನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಅಕ್ಷರಗಳ ಪಟ್ಟಿ ನಮ್ಮ ಸ್ವತ್ತು, ಕೊಡಲಾಗುವುದಿಲ್ಲ ಎಂದು ವಿನಯವಾಗಿಯೇ ಉತ್ತರ ಬಂತು. ನಾವು ದುಡ್ಡು ಕೊಟ್ಟು ಕೊಂಡದ್ದು ಪದಾರ್ಥವನ್ನಲ್ಲ, ಅದನ್ನು ಬಳಸುವ ಅಪ್ಪಣೆಯನ್ನು ಮಾತ್ರ ಎಂಬುದು ನನಗೆ ಅಂದು ಸ್ಪಷ್ಟವಾಯಿತು.

ಅನಂತರ ನಾನು ಕಾನೂನಿನ ಪುಸ್ತಕಗಳನ್ನು ತಿರುವಿ ಹಾಕತೊಡಗಿದೆ. ಅಲ್ಲಿ ಸಾಹಿತ್ಯದ ಮೇಷ್ಟರೊಬ್ಬರಿಗೆ ಅಚ್ಚರಿಯಾಗಬೇಕಾದ ಸಂಗತಿಯೊಂದು ಕಂಡಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಕಂಪ್ಯೂಟರಿನ ಕ್ರಮವಿಧಿ ‘ಸಾಹಿತ್ಯ ಕೃತಿ’! ಪಂಪನ ಕಾವ್ಯವೂ, ವಿದ್ಯುತ್ತಿನ ಬಿಲ್ಲು ಲೆಕ್ಕ ಹಾಕುವ ತಂತ್ರಾಂಶವೂ ಕಾನೂನಿನ ಪಂಕ್ತಿಯಲ್ಲಿ ಒಂದೇ ಎಲೆಗೆ ಕೂರುತ್ತವೆ. ಮೊದಲು ನಕ್ಕೆ. ಆಮೇಲೆ ಯೋಚಿಸಿದಾಗ ಅದರಲ್ಲಿ ಅರ್ಥವಿದೆಯೆಂದು ತೋರಿತು. ಅದೂ ಒಂದು ಭಾಷೆಯಲ್ಲಿ ಒಬ್ಬ ಮನುಷ್ಯ ಕುಳಿತು ಬರೆದದ್ದೇ. ಆದರೆ ಒಂದು ಭೇದವುಂಟು. ಕಾವ್ಯವನ್ನು ಕೊಂಡವನು ಅದರ ಪ್ರತಿಯೊಂದು ಅಕ್ಷರವನ್ನೂ ಕಾಣಬಲ್ಲ, ಪಾಠಾಂತರ ಹುಡುಕಬಲ್ಲ, ಟೀಕೆ ಬರೆಯಬಲ್ಲ. ಈ ‘ಸಾಹಿತ್ಯ’ವನ್ನು ಕೊಂಡವನಿಗೆ ಮೂಲಪಾಠವೇ ಕಾಣದು. ಓದಲು ಬಾರದ ಗ್ರಂಥಕ್ಕೆ ಗ್ರಂಥಸ್ವಾಮ್ಯ! ಅದೂ ಕರ್ತೃ ತೀರಿದ ಅನಂತರ ಅರವತ್ತು ವರ್ಷ. ಹತ್ತು ವರ್ಷ ಬಾಳಿದರೆ ಹಣ್ಣು ಮುದುಕನೆನಿಸುವ ತಂತ್ರಾಂಶಕ್ಕೆ ಆ ಅವಧಿ ಮುಗಿಯುವ ಹೊತ್ತಿಗೆ ಅದನ್ನು ನಡೆಸುವ ಯಂತ್ರವೂ, ಅದನ್ನು ಬಲ್ಲ ಮನುಷ್ಯನೂ ಉಳಿದಿರುವುದು ಅಪರೂಪ.

ನಮ್ಮ ಹಳೆಯ ಸಾಹಿತ್ಯ ಉಳಿದು ಬಂದ ಬಗೆಯನ್ನು ಇಲ್ಲಿ ನೆನೆಯಬೇಕು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಯಿಸಿ ಹಂಚಿದಳು. ಜೈನರಲ್ಲಿ ಶಾಸ್ತ್ರದಾನ ಪುಣ್ಯದ ಕೆಲಸ. ಓಲೆ ಮುಪ್ಪಾಗುವ ಮುನ್ನ ಅದನ್ನು ಪ್ರತಿಮಾಡುವುದು ಕಳ್ಳತನವಲ್ಲ, ಋಣ ತೀರಿಸುವುದು. ಊರುಪೇರು ತಿಳಿಯದ ಲಿಪಿಕಾರರು ಬೆನ್ನು ಕತ್ತು ನೋಯುತ್ತ ಬರೆದು, ತಪ್ಪಿದ್ದರೆ ಮನ್ನಿಸಿರೆಂದು ಕೊನೆಯಲ್ಲಿ ಬೇಡಿಕೊಂಡ ಗ್ರಂಥಗಳಿಂದಲೇ ಪಂಪ ರನ್ನರು ನಮ್ಮವರೆಗೆ ಬಂದರು. 1898ರಲ್ಲಿ ರೈಸರು ಪಂಪಭಾರತವನ್ನು ಅಚ್ಚು ಹಾಕಿಸಿದಾಗ ಅವರಿಗೆ ದೊರೆತದ್ದು ಕವಿಯ ಕೈಬರೆಹವಲ್ಲ, ಪ್ರತಿಯ ಪ್ರತಿಯ ಪ್ರತಿ. ನಡುವೆ ಯಾರಾದರೂ ಒಬ್ಬರು “ಪ್ರತಿ ಮಾಡಕೂಡದು” ಎಂದಿದ್ದರೆ ನಮಗೆ ಆದಿಕವಿಯೇ ಇರುತ್ತಿರಲಿಲ್ಲ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅನ್ಯಾಯವಾದೀತು. ಪಂಪನಿಗೆ ಅರಿಕೇಸರಿಯ ಆಶ್ರಯವಿತ್ತು. ರಾಜರಿಲ್ಲದ ಕಾಲದ ಲೇಖಕ ಏನನ್ನು ಉಣ್ಣಬೇಕು? ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ಮಾರಿದರೆಂಬುದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೆಮ್ಮೆಯ ಜೊತೆಗೆ ನಾಚಿಕೆಯೂ ಆಗಬೇಕಾದ ಮಾತದು. 1710ರಲ್ಲಿ ಇಂಗ್ಲೆಂಡಿನಲ್ಲಿ ಆನ್ ರಾಣಿಯ ಕಾಲದ ಶಾಸನ ಮೊದಲ ಬಾರಿಗೆ ಪುಸ್ತಕದ ಹಕ್ಕನ್ನು ವ್ಯಾಪಾರಿಯ ಬದಲು ಕರ್ತೃವಿಗೆ ಕೊಟ್ಟದ್ದು ದೊಡ್ಡ ಹೆಜ್ಜೆಯೇ. ಆಗ ಅದರ ಅವಧಿ ಹದಿನಾಲ್ಕು ವರ್ಷ; ಕರ್ತೃ ಬದುಕಿದ್ದರೆ ಮತ್ತೆ ಹದಿನಾಲ್ಕು. 1976ರಲ್ಲಿ ಬಿಲ್ ಗೇಟ್ಸ್ ಎಂಬ ತರುಣ, ತನ್ನ ತಂತ್ರಾಂಶವನ್ನು ಕೊಳ್ಳದೆ ನಕಲು ಮಾಡಿಕೊಳ್ಳುತ್ತಿದ್ದ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದ. ಬಿಟ್ಟಿಯಾಗಿ ಯಾರು ಒಳ್ಳೆಯ ಕೆಲಸ ಮಾಡಿಯಾರು ಎಂಬುದು ಅದರ ಸಾರ. ಆತ ಮುಂದೆ ಕುಬೇರನಾದನೆಂಬ ಕಾರಣಕ್ಕೆ ಆ ಪ್ರಶ್ನೆ ಸುಳ್ಳಾಗುವುದಿಲ್ಲ. ದುಡಿದವನಿಗೆ ಕೂಲಿ ಸಲ್ಲಬೇಕು. ಕೂಲಿ ಎಷ್ಟು ಕಾಲ, ಯಾರಿಗೆ, ಯಾವುದಕ್ಕೆ ಎಂಬುದೇ ಜಗಳ.

ಎಷ್ಟು ಕಾಲ ಎಂಬುದಕ್ಕೆ ನಮ್ಮ ದೇಶದ್ದೇ ಒಂದು ನಿದರ್ಶನವಿದೆ. ಮೊದಲು ನಮ್ಮಲ್ಲಿ ಕರ್ತೃವಿನ ನಿಧನಾನಂತರ ಐವತ್ತು ವರ್ಷ ಎಂದಿತ್ತು. ರವೀಂದ್ರನಾಥ ಠಾಕೂರರು ತೀರಿಕೊಂಡದ್ದು 1941ರಲ್ಲಿ. 1991 ಮುಗಿದರೆ ಅವರ ಕೃತಿಗಳು ಸರ್ವರ ಸ್ವತ್ತಾಗುತ್ತಿದ್ದುವು. ವಿಶ್ವಭಾರತಿಯ ಹಕ್ಕು ತಪ್ಪುತ್ತಿತ್ತು. ಆಗ ಕಾಯಿದೆಯನ್ನೇ ತಿದ್ದಿ ಅರವತ್ತು ವರ್ಷ ಮಾಡಿದರು. ಒಬ್ಬ ಮಹಾಕವಿಗಾಗಿ ಎತ್ತಿದ ಬೇಲಿ ನಾಡಿನ ಎಲ್ಲ ಸಣ್ಣ ಲೇಖಕರ ಹಳೆಯ ಪುಸ್ತಕಗಳ ಸುತ್ತಲೂ ಎದ್ದಿತು. ಮರುಮುದ್ರಣ ಕಾಣದ, ವಾರಸುದಾರರು ಯಾರೆಂದು ತಿಳಿಯದ ಎಷ್ಟು ಕನ್ನಡ ಪುಸ್ತಕಗಳು ಗ್ರಂಥಾಲಯದ ಕಪಾಟುಗಳಲ್ಲಿ ಆ ಅವಧಿ ಮುಗಿಯುವುದನ್ನು ಕಾಯುತ್ತ ಪುಡಿಯಾಗುತ್ತಿವೆಯೋ!

ಇನ್ನು ಪೇಟೆಂಟಿನ ಮಾತು. ಇದನ್ನು ತರಗತಿಯಲ್ಲಿ ವಿವರಿಸಲು ನಾನು ಛಂದಸ್ಸಿನ ಮೊರೆ ಹೋಗುತ್ತೇನೆ. ಕೃತಿಸ್ವಾಮ್ಯ ಕಾಯುವುದು ಹರಿಶ್ಚಂದ್ರಕಾವ್ಯದ ಪದ್ಯಗಳನ್ನು. ಪೇಟೆಂಟ್ ಕಾಯುವುದು ಷಟ್ಪದಿಯನ್ನೇ. ಷಟ್ಪದಿಯನ್ನು ಕಾವ್ಯದ ಹೆದ್ದಾರಿಗೆ ತಂದ ರಾಘವಾಂಕನಿಗೆ ಅಂಥದೊಂದು ಹಕ್ಕು ಇದ್ದಿದ್ದರೆ, ಆ ಅವಧಿ ಮುಗಿಯುವವರೆಗೆ ಆರು ಸಾಲಿನ ಪದ್ಯ ಕಟ್ಟುವ ಪ್ರತಿಯೊಬ್ಬ ಕವಿಯೂ ಅವನಿಗೆ ಕಾಣಿಕೆ ಸಲ್ಲಿಸಬೇಕಾಗುತ್ತಿತ್ತು. ತಾನಾಗಿಯೇ ಕಂಡುಕೊಂಡೆನೆಂದರೂ ಬಿಡುಗಡೆಯಿಲ್ಲ. ಪೇಟೆಂಟಿನ ಅವಧಿ ಇಪ್ಪತ್ತು ವರ್ಷ ಮಾತ್ರ ಎಂಬುದು ನಿಜ. ಆದರೆ ಯಂತ್ರಗಳ ಲೋಕದಲ್ಲಿ ಇಪ್ಪತ್ತು ವರ್ಷವೆಂದರೆ ಎರಡು ಯುಗ. 1999ರಲ್ಲಿ ಅಮೆರಿಕದಲ್ಲಿ ಅಮೆಜಾನ್ ಕಂಪೆನಿಗೆ, ಒಂದೇ ಒತ್ತಿನಲ್ಲಿ ಸಾಮಾನು ಕೊಳ್ಳುವ ವಿಧಾನಕ್ಕೆ ಪೇಟೆಂಟ್ ದೊರೆಯಿತು. ಅದು ತೀರಿದ್ದು 2017ರಲ್ಲಿ. ಜಿಫ್ ಎಂಬ ಚಿತ್ರರೂಪದ ಬೆನ್ನಿಗಿದ್ದ ಗಣಿತದ ಉಪಾಯವೊಂದಕ್ಕೆ ಯೂನಿಸಿಸ್ ಕಂಪೆನಿ ಹಕ್ಕಿನ ಹಣ ಕೇಳತೊಡಗಿದಾಗ ಜನ ಬೇಸತ್ತು 1995ರಲ್ಲಿ ಪಿಎನ್‌ಜಿ ಎಂಬ ಬೇರೊಂದು ರೂಪವನ್ನೇ ಕಟ್ಟಿಕೊಂಡರು.

ನಮ್ಮ ದೇಶ ಈ ವಿಷಯದಲ್ಲಿ ವಿವೇಕ ತೋರಿದೆಯೆಂದೇ ನನ್ನ ಅಭಿಪ್ರಾಯ. ಕೇವಲ ಕ್ರಮವಿಧಿಗೆ ಪೇಟೆಂಟ್ ಸಲ್ಲದೆಂದು 2002ರ ತಿದ್ದುಪಡಿ ಹೇಳಿತು. 2004ರ ಕೊನೆಯಲ್ಲಿ ಒಂದು ಸುಗ್ರೀವಾಜ್ಞೆ ಆ ಬಾಗಿಲನ್ನು ಸ್ವಲ್ಪ ತೆರೆಯಹೊರಟಿತು. 2005ರಲ್ಲಿ ಸಂಸತ್ತು ಅದನ್ನು ಒಪ್ಪದೆ ಮುಚ್ಚಿತು. ಕನ್ನಡದ ಕೀಲಿಮಣೆಯನ್ನೇ ನೋಡಿ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಸರ್ಕಾರವೇ ಶಿಷ್ಟವೆಂದು ಅಂಗೀಕರಿಸಿದೆ. ಅದರ ಮೇಲೆ ಬೆರಳಾಡಿಸುವ ಲಕ್ಷಾಂತರ ಜನರಲ್ಲಿ ಯಾರೂ ಯಾರಿಗೂ ಕಪ್ಪ ಕೊಡಬೇಕಾಗಿಲ್ಲ. ಷಟ್ಪದಿ ಎಲ್ಲರದೂ ಆದಂತೆ ಅದೂ ಎಲ್ಲರದಾಯಿತು.

ಗುರುಗಳ ಕಡತಗಳ ಕತೆಗೆ ಮರಳುತ್ತೇನೆ. ಬೆಂಗಳೂರಿನಲ್ಲಿ ಗಣಕದ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಭಾನುವಾರ ಮನೆಗೆ ಬಂದ. ನನ್ನ ಗೋಳನ್ನು ಕೇಳಿ, “ಸರ್, ಹಳೆಯ ಅಕ್ಷರಗಳನ್ನು ಯೂನಿಕೋಡಿಗೆ ತಿರುಗಿಸುವ ಒಂದು ತಂತ್ರಾಂಶ ಇದೆ. ಆದರೆ ಅದು ನಿಮ್ಮ ಫಾಂಟಿಗೆ ಆಗುವುದಿಲ್ಲ” ಎಂದ.

“ಹಾಗಾದರೆ ಏನು ಪ್ರಯೋಜನ?” ಎಂದೆ.

“ಅದರ ಮೂಲಪಾಠ ತೆರೆದಿದೆ ಸರ್. ನಿಮ್ಮ ಪಟ್ಟಿಯನ್ನು ನಾವೇ ಸೇರಿಸಿಕೊಳ್ಳಬಹುದು.”

ಈ ಮಾತಿನ ಹಿಂದೆ ಒಂದು ಚರಿತ್ರೆಯಿದೆ. 1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ.ಯಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬಾತ ತನ್ನ ಪ್ರಯೋಗಾಲಯದ ಮುದ್ರಣಯಂತ್ರದ ತೊಡಕನ್ನು ಸರಿಪಡಿಸಹೊರಟಾಗ ಅದರ ಮೂಲಪಾಠವನ್ನು ಕೊಡಲು ನಿರಾಕರಿಸಲಾಯಿತು. 1983ರಲ್ಲಿ ಆತ ಗ್ನು ಎಂಬ ಸ್ವತಂತ್ರ ತಂತ್ರಾಂಶದ ಯೋಜನೆಯನ್ನು ಸಾರಿದ. 1989ರಲ್ಲಿ ಅದಕ್ಕೊಂದು ಪರವಾನಗಿ ಪತ್ರವನ್ನು ಬರೆದ. ಅದರ ಚಮತ್ಕಾರ ಹೀಗಿದೆ: ಇದನ್ನು ಯಾರಾದರೂ ಬಳಸಿ, ಓದಿ, ತಿದ್ದಿ, ಹಂಚಿ, ಬೇಕಾದರೆ ಮಾರಿ. ಆದರೆ ಇನ್ನೊಬ್ಬರಿಗೆ ಕೊಡುವಾಗ ನಿಮಗೆ ಸಿಕ್ಕ ಸ್ವಾತಂತ್ರ್ಯವನ್ನೂ ಮೂಲಪಾಠವನ್ನೂ ಸೇರಿಸಿಯೇ ಕೊಡಿ. ಕೃತಿಸ್ವಾಮ್ಯದ ಕಾಯಿದೆಯನ್ನು ಆತ ಮುರಿಯಲಿಲ್ಲ. ಬೇಲಿ ಹಾಕುವ ಅದೇ ಗೂಟದಿಂದ ಬಾಗಿಲು ಮುಚ್ಚದಂತೆ ಅಡ್ಡಗಟ್ಟಿದ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಶಾಸನಗಳು. ಕೆರೆಗೋ ದೇಗುಲಕ್ಕೋ ಭೂಮಿ ಬಿಟ್ಟವರು ದಾನದ ವಿವರ ಬರೆಸಿ ಸುಮ್ಮನಾಗುತ್ತಿರಲಿಲ್ಲ. ಇದನ್ನು ಪಾಲಿಸಿದವರಿಗೆ ಇಂಥ ಪುಣ್ಯ, ಅಳಿದವರಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಎಂದು ಕಲ್ಲಿನ ಕೊನೆಯಲ್ಲಿ ಕೆತ್ತಿಸುತ್ತಿದ್ದರು. ದಾನ ಕೊಟ್ಟರೆ ಸಾಲದು, ಮುಂದೆ ಬಲಶಾಲಿಯೊಬ್ಬ ಅದನ್ನು ತನ್ನದೆಂದು ಒಳಹಾಕಿಕೊಳ್ಳದಂತೆ ಕಾಯಬೇಕು ಎಂಬ ಲೋಕಾನುಭವ ಆ ಶಾಪಾಶಯದಲ್ಲಿದೆ. ಸ್ಟಾಲ್ಮನ್ನನ ಪತ್ರವೂ ಅಂಥದೇ. ಪಾಪದ ಬದಲು ನ್ಯಾಯಾಲಯದ ಭಯ, ಅಷ್ಟೆ.

ನಾಲ್ಕು ಭಾನುವಾರ ನಾವಿಬ್ಬರೂ ಕುಳಿತೆವು. ಆ ಕಾಲದಲ್ಲಿ ತೆಗೆದಿದ್ದ ಹನ್ನೆರಡು ಪುಟಗಳ ಕರಡಚ್ಚು ನನ್ನ ಬಳಿ ಉಳಿದಿತ್ತು. ಅದರ ಒಂದೊಂದು ಅಕ್ಷರವನ್ನೂ ತೆರೆಯ ಮೇಲಿನ ಒಂದೊಂದು ಗುರುತಿಗೆ ಹೊಂದಿಸಿದೆವು. ಯಂತ್ರ ಅವನಿಗೆ ಗೊತ್ತು, ಅಕ್ಷರ ನನಗೆ ಗೊತ್ತು. ಅರ್ಕಾವೊತ್ತು ಬಹಳ ಕಾಡಿತು. ಕಣ್ಣಿಗೆ ಅಕ್ಷರದ ಹಿಂದೆ ಕಾಣುವ ರೇಫ ಉಚ್ಚಾರದಲ್ಲಿ ಮುಂದೆ ಬರಬೇಕಲ್ಲ! ಮೂರನೆಯ ಭಾನುವಾರದ ಸಂಜೆ ತೆರೆಯ ಮೇಲೆ ಮೊದಲ ಮಾತು ಕನ್ನಡವಾಗಿ ಮೂಡಿತು: ‘ಮುಯ್ಯಾಳು’. ಅದರ ಮುಂದೆ ಗುರುಗಳ ಬಿಗಿಯಾದ ವಿವರಣೆ: ಕೂಲಿಯಿಲ್ಲದೆ ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿದು, ಅವರನ್ನು ತಮ್ಮ ಹೊಲಕ್ಕೆ ಕರೆದುಕೊಳ್ಳುವ ಆಳು. ಅದರ ಕೆಳಗೆ ಹೇಳಿದವನ ಹೆಸರು, ಊರು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

ಹುಡುಗ ನಮ್ಮ ಪಟ್ಟಿಯನ್ನು ಆ ತಂತ್ರಾಂಶಕ್ಕೆ ಸೇರಿಸಿ ಎಲ್ಲರಿಗೂ ಸಿಗುವಂತೆ ಇಟ್ಟ. ಕೆಲವು ತಿಂಗಳ ಮೇಲೆ ರಾಯಚೂರಿನ ಕಡೆಯಿಂದ ಅಪರಿಚಿತರೊಬ್ಬರು ಅವನಿಗೆ ಬರೆದರು: ತೀರಿಹೋದ ತಂದೆ ಸಂಗ್ರಹಿಸಿದ್ದ ತತ್ವಪದಗಳು ಅದೇ ಫಾಂಟಿನಲ್ಲಿದ್ದುವಂತೆ, ಈಗ ಓದಲು ಬಂದುವಂತೆ.

ಉತ್ಸಾಹದ ಭರದಲ್ಲಿ ನಾನು, “ಇಡೀ ಕೋಶವನ್ನು ನಾಳೆಯೇ ಅಂತರ್ಜಾಲಕ್ಕೆ ಏರಿಸಿಬಿಡು” ಎಂದೆ. ಅವನು ತಲೆ ತಗ್ಗಿಸಿ, “ಯಾರ ಅಪ್ಪಣೆಯಿಂದ, ಸರ್?” ಎಂದು ಕೇಳಿದ. ನಾಚಿಕೆಯಾಯಿತು. ಬೀಗ ಹಾಕಿದವರನ್ನು ಬೈಯುತ್ತಿದ್ದ ನಾನು ಕದ ತಟ್ಟದೆ ಒಳಗೆ ನುಗ್ಗಲು ಹೊರಟಿದ್ದೆ. 2071ರ ಕೊನೆಯವರೆಗೆ ಆ ಸಂಗ್ರಹದ ಸ್ವಾಮ್ಯ ಗುರುಗಳ ಮಗಳದು.

ಅವರನ್ನು ಕಂಡು ವಿಷಯ ತಿಳಿಸಿದೆ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟದ್ದನ್ನು ಹೇಳಿದೆ. ನಿರಂಜನರ ಕುಟುಂಬದವರೂ ಅವರ ಕೃತಿಗಳನ್ನು ಹಾಗೆಯೇ ಬಿಟ್ಟದ್ದನ್ನು ಹೇಳಿದೆ. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಪ್ಪನ ಮೊದಲ ಪುಸ್ತಕಕ್ಕೆ ಪ್ರಕಾಶಕರು ಕೊಟ್ಟದ್ದು ಹತ್ತು ಪ್ರತಿ. ಅದು ಎರಡು ಸಲ ಅಚ್ಚಾಯಿತು. ಅಪ್ಪನಿಗೆ ತಿಳಿದದ್ದು ಅಂಗಡಿಯಲ್ಲಿ ನೋಡಿದ ಮೇಲೆ. ಈಗ ಇದನ್ನೂ ಯಾರೋ ಹೆಸರು ಕಿತ್ತು ತಮ್ಮದೆಂದು ಮಾರಿದರೆ ಏನು ಮಾಡುತ್ತೀರಿ ಮೇಷ್ಟ್ರೇ?” ಎಂದರು. ನನ್ನ ಬಳಿ ಸಿದ್ಧವಾದ ಉತ್ತರವಿರಲಿಲ್ಲ. ಕರಾರು ಬರೆಯಬಹುದು, ಮೀರಿದವರ ಮೇಲೆ ಮೊಕದ್ದಮೆ ಹೂಡಬಹುದು. ಹೂಡುವ ಶಕ್ತಿ ನಮ್ಮಂಥವರಿಗೆ ಇದೆಯೇ?

ಹದಿನೈದು ದಿನದ ಮೇಲೆ ಅವರಿಂದ ಕಾಗದ ಬಂತು. ಕೋಶವನ್ನು ಎಲ್ಲರಿಗೂ ಬಿಟ್ಟುಕೊಡಲು ಒಪ್ಪಿದ್ದರು. ಅಪ್ಪನ ಹೆಸರು ಇರಬೇಕು. ತೆಗೆದುಕೊಂಡವರು ತಾವು ಸೇರಿಸಿದ್ದನ್ನೂ ಹೀಗೆಯೇ ಬಿಟ್ಟುಕೊಡಬೇಕು. ಇವೆರಡು ಷರತ್ತುಗಳನ್ನು ಆ ಮುಕ್ತ ಪರವಾನಗಿಯೇ ಹೇಳುತ್ತದೆ. ಮೂರನೆಯದನ್ನು ಆಕೆ ಕೋರಿಕೆಯಾಗಿ ಬರೆದಿದ್ದರು: “ಪ್ರತಿ ಮಾತಿನ ಕೆಳಗೆ ಇರುವ ರೈತರ ಹೆಸರುಗಳನ್ನು ಯಾರೂ ತೆಗೆಯದಂತೆ ಕೇಳಿಕೊಳ್ಳಿ. ಮಾತು ಅವರದು; ಅಪ್ಪ ಚೀಟಿಯಲ್ಲಿ ಬರೆದುಕೊಂಡವರು.”

ಕೃತಿಸ್ವಾಮ್ಯದ ಬಗ್ಗೆ ನಾನು ಓದಿದ ಪುಸ್ತಕಗಳಲ್ಲಿ ಯಾವುದೂ ಇಷ್ಟು ದೂರ ಹೋಗಿರಲಿಲ್ಲ. ಕಾಯಿದೆ ಒಬ್ಬ ಕರ್ತೃವನ್ನು ಹುಡುಕುತ್ತದೆ. ಹುಡುಕಿ ಅವನ ಕೈಗೆ ಬೀಗದ ಕೈಯನ್ನು ಕೊಡುತ್ತದೆ. ಅದು ತಪ್ಪಲ್ಲ. ಆದರೆ ಅವನು ಬರೆದ ಭಾಷೆ, ಅವನು ಬಳಸಿದ ಛಂದಸ್ಸು, ಅವನ ಬೆರಳ ಕೆಳಗಿನ ಕೀಲಿಮಣೆ, ಹೊಲದ ಬದುವಿನಲ್ಲಿ ನಿಂತು ಅವನಿಗೆ ಒಂದು ಮಾತು ಹೇಳಿಕೊಟ್ಟ ಮನುಷ್ಯ, ಇವರೆಲ್ಲರ ಹೊಲದಲ್ಲಿ ದುಡಿದೇ ಅವನು ತನ್ನ ಕಣ ತುಂಬಿಕೊಂಡಿದ್ದಾನೆ. ಕೂಲಿ ಕೇಳುವ ಹಕ್ಕು ಅವನಿಗುಂಟು. ಮುಯ್ಯಿ ತೀರಿಸುವ ಹೊಣೆಯೂ ಉಂಟು. ಒಂದನ್ನು ಕಾಯಿದೆ ನೋಡಿಕೊಳ್ಳುತ್ತದೆ. ಇನ್ನೊಂದನ್ನು ನಾವೇ ನೋಡಿಕೊಳ್ಳಬೇಕು.

ಕೋಶ ಈಗ ಎಲ್ಲರಿಗೂ ತೆರೆದಿದೆ. ಮುನ್ನೂರು ಪ್ರತಿ ಅಚ್ಚನ್ನೂ ಹಾಕಿಸಿದೆವು. ಮೊದಲ ಪ್ರತಿಯನ್ನು ‘ಮುಯ್ಯಾಳು’ ಎಂಬ ಮಾತು ಹೇಳಿದವನ ಊರಿಗೆ ಒಯ್ದೆವು. ಆತ ಇರಲಿಲ್ಲ. ಮೊಮ್ಮಗ ಪುಟ ತೆರೆದು ತಾತನ ಹೆಸರನ್ನು ಎರಡು ಸಲ ಗಟ್ಟಿಯಾಗಿ ಓದಿದ. ಆಮೇಲೆ ಪಕ್ಕದ ಮಾತಿನ ಮೇಲೆ ಬೆರಳಿಟ್ಟು, “ಇದು ತಪ್ಪಾಗಿದೆ ಸಾರ್, ನಮ್ಮಲ್ಲಿ ಹೀಗನ್ನೋದಿಲ್ಲ” ಎಂದ. ತಿದ್ದುಪಡಿಯನ್ನು ಬರೆದುಕೊಂಡೆ. ಅದರ ಕೆಳಗೆ ಅವನ ಹೆಸರು, ಊರು.